ಹಳೆಯ ಗಾಳದ ದೋಣಿಗೆ ಹೊಸ ಡೆಕ್: ಎರಡು ಮಳೆಗಾಲ ಕಂಡ ಐಎಸ್ 710 ಮರೈನ್ ಪ್ಲೈ

ವಸ್ತು: ಐಎಸ್ 710 (ಭಾರತೀಯ ಮಾನಕದ ಸಂಖ್ಯೆ) ಮರೈನ್ ಪ್ಲೈವುಡ್, 12 ಮಿ.ಮೀ. ದಪ್ಪ, 8ಕ್ಕೆ 4 ಅಡಿ, ಎರಡು ಹಲಗೆ. ಡೆಕ್ ಆಗಿ, ಅಂದರೆ ಒಳಗೆ ಕಾಲಿಡುವ ನೆಲವಾಗಿ, ಹಾಕಿದ್ದು 18 ಅಡಿ ಉದ್ದದ ಹಳೆಯ ಫೈಬರ್ ದೋಣಿಗೆ. ದೋಣಿ ಇಳಿಯುವುದು ಗೊರೂರಿನ ಹೇಮಾವತಿ ಹಿನ್ನೀರಿಗೆ, ಕೆಲಸ ನಡೆದದ್ದು ಹಾಸನದ ಒಂದು ಫೈಬರ್ ಶೆಡ್ಡಿನಲ್ಲಿ. ಅಂಕ ಕೊಡುವುದಾದರೆ ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಹಲಗೆಯ ಗುಣಕ್ಕಲ್ಲ, ಅದನ್ನು ಮಾರುವಾಗ ಹೇಳುವ ಮಾತಿಗೆ: "ಮರೈನ್ ಸಾರ್, ನೀರಲ್ಲೇ ಬಿದ್ದಿದ್ರೂ ಏನೂ ಆಗಲ್ಲ." ಆಗುತ್ತದೆ. ಡೆಕ್ ಕೊಳೆಯುವುದು ಹಲಗೆಯ ಮೈಯಿಂದಲ್ಲ. ಕೊಯ್ದ ಅಂಚಿನಿಂದ, ಸ್ಕ್ರೂ ಹೊಡೆದ ತೂತಿನಿಂದ. ಆ ಎರಡನ್ನೂ ಮುಚ್ಚದೆ ಹಾಕಿದರೆ ಎಷ್ಟೇ ದುಬಾರಿ ಮರೈನ್ ಪ್ಲೈ ಆದರೂ ಕೆಲವೇ ವರ್ಷಗಳಲ್ಲಿ ಕಾಲಡಿ ಮೆತ್ತಗಾಗುತ್ತದೆ.

ನಮ್ಮ ಕಡೆಯ ದೋಣಿ ಮಾಲೀಕರು ಬಹುಪಾಲು ನಂಬಿರುವ ಒಂದು ಮಾತನ್ನು ಮೊದಲು ಸರಿಪಡಿಸಬೇಕು. ಕರಾವಳಿಯಲ್ಲಿ ಓಡಿದ ಹಳೆಯ ದೋಣಿಯನ್ನು ಶಿರಾಡಿ ಘಾಟಿ ಹತ್ತಿಸಿ ತರುವಾಗ "ಉಪ್ಪುನೀರಿನ ಕಾಟ ತಪ್ಪಿತು, ಇನ್ನು ದೋಣಿ ಬಾಳುತ್ತದೆ" ಎನ್ನುತ್ತಾರೆ. ಎಂಜಿನ್‌ಗೆ, ಬೋಲ್ಟಿಗೆ ಅದು ನಿಜ. ಮರಕ್ಕೆ ಉಲ್ಟಾ. ಮರ ಕೊಳೆಸುವುದು ಶಿಲೀಂಧ್ರ. ಅದಕ್ಕೆ ಉಪ್ಪು ಒಗ್ಗುವುದಿಲ್ಲ, ಸಿಹಿನೀರು ಚೆನ್ನಾಗಿ ಒಗ್ಗುತ್ತದೆ. ಮರದ ತೇವ ಶೇ. 20ರ ಒಳಗಿದ್ದರೆ ಶಿಲೀಂಧ್ರ ಬೆಳೆಯುವುದಿಲ್ಲ. ಶೇ. 28-30 ದಾಟಿ ಅಲ್ಲೇ ನಿಂತರೆ, ಜೊತೆಗೆ ಗಾಳಿ, ಬೆಚ್ಚಗಿನ ಹವೆ ಸಿಕ್ಕರೆ ಹಬ್ಬ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟಾರ್ಪಾಲ್ ಬಿಗಿದು ಕಟ್ಟಿ ನಿಲ್ಲಿಸಿದ ದೋಣಿಯೊಳಗೆ ಇವು ಮೂರೂ ಇರುತ್ತವೆ. ಆದ್ದರಿಂದ ಸಮುದ್ರದಲ್ಲಿ ಹತ್ತು ವರ್ಷ ತಡೆದ ಡೆಕ್ ಸಕಲೇಶಪುರದ ಮಳೆಯಲ್ಲಿ ಅಷ್ಟು ತಡೆಯುತ್ತದೆ ಎಂದು ಲೆಕ್ಕ ಹಾಕಬೇಡಿ.

ಹಳೆಯ ದೋಣಿಗಳ ಕಟ್ಟಡವೂ ಇದಕ್ಕೆ ಸಹಾಯ ಮಾಡುತ್ತದೆ. ಅಮೆರಿಕದಲ್ಲಿ 1970-80ರ ದಶಕದ ಹಲವು ಸ್ಪೋರ್ಟ್‌ಫಿಶಿಂಗ್ ದೋಣಿಗಳಲ್ಲಿ ಡೆಕ್ ಎಂದರೆ ನಡುವೆ ಪ್ಲೈವುಡ್, ಮೇಲೊಂದು ಫೈಬರ್ ಚರ್ಮ. ಕೆಳಮೈಗೆ ಒಂದು ಕೈ ರೆಸಿನ್ (ಫೈಬರ್ ನಾರನ್ನು ಹಿಡಿದು ಗಟ್ಟಿಯಾಗುವ ಅಂಟು) ಬಳಿದಿದ್ದರೆ ಅದೇ ದೊಡ್ಡದು, ಕೆಲವಕ್ಕೆ ಅದೂ ಇರುತ್ತಿರಲಿಲ್ಲ. ಅದರ ಮೇಲೆ ಕುರ್ಚಿಯ ಬುಡ, ರಾಡ್ ಹೋಲ್ಡರ್, ಹ್ಯಾಚ್ (ಡೆಕ್ಕಿನ ಮುಚ್ಚಳ) ಕೀಲು ಎಲ್ಲಕ್ಕೂ ನೇರ ಸ್ಕ್ರೂ. ನಮ್ಮಲ್ಲಿ ಓಡಾಡುವ ಸಣ್ಣ ಫೈಬರ್ ದೋಣಿಗಳಲ್ಲೂ ಇದೇ ಕ್ರಮ ಕಾಣುತ್ತದೆ. ಮೇಲಿನಿಂದ ನೋಡಿದರೆ ಬಣ್ಣದ ಮೇಲ್ಪದರವಾದ, ಹೊಳೆಯುವ ಜೆಲ್‌ಕೋಟ್. ಒಳಗೆ ನೀರು ಸ್ಕ್ರೂ ಗುಂಟ ಇಳಿದು ಚರ್ಮದ ಕೆಳಗಿನ ಮರದಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಹೋಗಲು ದಾರಿ ಇದೆ, ಹೊರಬರಲು ಇಲ್ಲ.

ಕೊಳೆತ ಎಲ್ಲಿಯವರೆಗೆ ಹಬ್ಬಿದೆ ಎಂದು ತಿಳಿಯದೆ ಅಂಗಡಿಗೆ ಹೋಗಬೇಡಿ. ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್ ತಲೆಕೆಳಗು ಹಿಡಿದು ಆರಾರು ಇಂಚಿಗೆ ಒಂದರಂತೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಟಣ್ ಎನ್ನುತ್ತದೆ, ಕೊಳೆತ ಕಡೆ ದೊಪ್ ಎನ್ನುತ್ತದೆ. ಸದ್ದು ಬದಲಾದ ಕಡೆ ಪೆನ್ಸಿಲ್ ಗುರುತು ಹಾಕಿ. ಗೆರೆಗಳನ್ನು ಸೇರಿಸಿದಾಗ ಬರುವ ಆಕಾರ ಬಹುತೇಕ ಯಾವುದಾದರೂ ಸ್ಕ್ರೂ ಸಾಲನ್ನೇ ನಡುವಿಟ್ಟುಕೊಂಡಿರುತ್ತದೆ. ಆಮೇಲೆ 6 ಮಿ.ಮೀ. ಬಿಟ್‌ನಲ್ಲಿ ಪರೀಕ್ಷೆಯ ತೂತು, ಡ್ರಿಲ್ ನಿಧಾನ. ಒಣ ಹಲಗೆಯಿಂದ ತಿಳಿ ಬಣ್ಣದ ಪುಡಿ ಸುರುಳಿಯಾಗಿ ಬರುತ್ತದೆ. ಕೊಳೆತದ್ದರಿಂದ ಬರುವುದು ಫಿಲ್ಟರ್‌ನ ತಳದಲ್ಲಿ ಉಳಿದ ಕಾಫಿ ಚರಟ: ಕಪ್ಪು, ಒದ್ದೆ, ಬೆರಳಲ್ಲಿ ಹಿಚುಕಿದರೆ ಉಂಡೆ ಆಗುತ್ತದೆ, ಮೂಗಿಗೆ ಹಿಡಿದರೆ ಅಣಬೆ ವಾಸನೆ. ಆ ಪುಡಿ ಬಂದ ಜಾಗದಿಂದ ಒಣ ಪುಡಿ ಬರುವವರೆಗೆ ಹೊರಕ್ಕೆ ಸರಿಯುತ್ತಾ ತೂತು ಹೊಡೆಯಿರಿ. ಒಣ ಪುಡಿ ಸಿಕ್ಕ ಮೇಲೂ ಇನ್ನು ಆರು ಇಂಚು ಹೆಚ್ಚಿಗೆ ತೆಗೆಯುವುದು ಲೇಸು. ಕಣ್ಣಿಗೆ ಒಳ್ಳೆಯದಾಗಿ ಕಂಡ ಮರದಲ್ಲೂ ಶಿಲೀಂಧ್ರದ ಎಳೆ ಮುಂದೆ ಹೋಗಿರುತ್ತದೆ. ಎಂಜಿನ್ ಕಟ್ಟಿದ ಹಿಂಗೋಡೆಯನ್ನೂ ಇದೇ ಸಮಯದಲ್ಲಿ ನೋಡಿ: ಎಂಜಿನ್ ಅರ್ಧ ಎತ್ತಿ ಅದರ ಕಾಲನ್ನು ಮೇಲೆ ಕೆಳಗೆ ಒತ್ತಿದಾಗ ಗೋಡೆ ಬಾಗಿದರೆ ಡೆಕ್ ಕೆಲಸಕ್ಕಿಂತ ಮೊದಲು ಅದು ಆಗಬೇಕು.

ಈಗ ಹಲಗೆಯ ಮಾತು.

ಹಾಸನದ ಪ್ಲೈವುಡ್ ಅಂಗಡಿಗಳಲ್ಲಿ "ವಾಟರ್‌ಪ್ರೂಫ್" ಎಂದು ಕೇಳಿದರೆ ಮೂರು ಬಗೆಯದನ್ನು ತೋರಿಸಬಹುದು. ಎಂಆರ್ (ತೇವ ತಡೆಯುವ) ದರ್ಜೆ ಮನೆಯೊಳಗಿನ ಪೀಠೋಪಕರಣಕ್ಕೆ, ದೋಣಿಯ ಹತ್ತಿರವೂ ತರಬಾರದು. ಐಎಸ್ 303ರ ಬಿಡಬ್ಲ್ಯೂಆರ್ (ಕುದಿನೀರು ತಡೆಯುವ) ಅಡುಗೆಮನೆಗೆ ಸರಿ. ಐಎಸ್ 710 ಮಾತ್ರ ಮರೈನ್. ವ್ಯತ್ಯಾಸ ಮುಖ್ಯವಾಗಿ ಅಂಟಿನಲ್ಲಿ. ಬಿಡಬ್ಲ್ಯೂಆರ್ ತುಂಡನ್ನು 8 ಗಂಟೆಯ ಸರದಿಗಳಲ್ಲಿ ಕುದಿಸಿ, ನಡುವೆ ಒಣಗಿಸಿ ನೋಡುತ್ತಾರೆ, ಐಎಸ್ 710ನ್ನು 72 ಗಂಟೆ. ಅಷ್ಟು ಕುದಿಸಿದರೂ ಪದರ ಬಿಡಬಾರದು. ಬಳಸುವ ಅಂಟು ಫಿನಾಲ್ ಫಾರ್ಮಾಲ್ಡಿಹೈಡ್. ಅಂಚು ನೋಡಿದರೆ ಪದರಗಳ ನಡುವೆ ಕಡುಗಂದು ಗೆರೆ ಕಾಣುವುದು ಅದರಿಂದಲೇ. ಗಮನಿಸಬೇಕಾದ್ದು: ಈ ಪರೀಕ್ಷೆ ಹೇಳುವುದು ಅಂಟು ಬಿಡುವುದಿಲ್ಲ ಎಂದು, ಮರ ಕೊಳೆಯುವುದಿಲ್ಲ ಎಂದಲ್ಲ. ಮರಕ್ಕೆ ಔಷಧಿ ಹಾಕಿರುತ್ತಾರೆ, ನಿಜ. ಆದರೆ ಗರಗಸ ಹಾಕಿದ ಕ್ಷಣ ಹೊಸ ಅಂಚು ತೆರೆದುಕೊಳ್ಳುತ್ತದೆ, ಆ ಅಂಚು ಸ್ಪಂಜಿನಂತೆ ನೀರು ಹೀರುತ್ತದೆ. ಕೊಳೆತು ಕಿತ್ತು ಹಾಕಿದ ಹಲವು ಡೆಕ್‌ಗಳಲ್ಲಿ ಪದರಗಳು ಇನ್ನೂ ಅಂಟಿಕೊಂಡೇ ಇರುತ್ತವೆ, ನಡುವಿನ ಮರ ಮಾತ್ರ ಪುಡಿಯಾಗಿರುತ್ತದೆ. ಅಂಟು ಗೆದ್ದಿರುತ್ತದೆ, ಡೆಕ್ ಸೋತಿರುತ್ತದೆ.

ಹಲಗೆ ಆರಿಸುವಾಗ ನಾಲ್ಕು ನಿಮಿಷ ಖರ್ಚು ಮಾಡಿ. ಐಎಸ್‌ಐ ಮುದ್ರೆಯ ಕೆಳಗಿನ ಸಿಎಂ/ಎಲ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಆ ಪರವಾನಗಿ ಯಾರದು, ಯಾವ ವಸ್ತುವಿನದು ಎಂದು ತಿಳಿಯುತ್ತದೆ. ಸಂಖ್ಯೆ ಇಲ್ಲದ, ಬರೀ "710 ಗ್ರೇಡ್" ಎಂದು ಅಚ್ಚು ಹಾಕಿದ ಹಲಗೆಗೆ ಮರೈನ್ ಬೆಲೆ ಕೊಡಬೇಡಿ. ನಾಲ್ಕೂ ಅಂಚುಗಳ ಮೇಲೆ ಮೊಬೈಲ್ ಟಾರ್ಚ್ ಹಾಯಿಸಿ: ಒಳಪದರಗಳ ನಡುವೆ ಕಪ್ಪು ಕಿಂಡಿ ಕಂಡರೆ ಅದು ಪೊಳ್ಳು. ಈ ಕೆಲಸಕ್ಕೆ ಮೊದಲು ತಂದ ಎರಡರಲ್ಲಿ ಒಂದನ್ನು ಕೊಯ್ದಾಗ ನಡುಪದರದಲ್ಲಿ ಕಿರುಬೆರಳು ಹೋಗುವಷ್ಟು ಪೊಳ್ಳಿತ್ತು. ಮುದ್ರೆ ಸರಿಯಾಗಿಯೇ ಇತ್ತು. ಅಂಗಡಿಯವರು ಕೊಯ್ದ ಹಲಗೆ ವಾಪಸ್ ತೆಗೆದುಕೊಳ್ಳಲಿಲ್ಲ. ಆದ್ದರಿಂದ ಖರೀದಿಗೆ ಮೊದಲೇ ಅಂಚು ನೋಡಿ, ಹಲಗೆಯನ್ನು ಎತ್ತಿ ನಿಲ್ಲಿಸಿ ಗೆಣ್ಣಿನಿಂದ ತಟ್ಟಿ, ಬಿಲ್ಲಿನಲ್ಲಿ "ಐಎಸ್ 710" ಎಂದು ಬರೆಸಿಕೊಳ್ಳಿ. ತೂಕವೂ ಒಂದು ಸಾಕ್ಷಿ: 12 ಮಿ.ಮೀ.ಯ ಒಳ್ಳೆಯ ಗಟ್ಟಿಮರದ ಹಲಗೆ 25 ಕಿಲೋ ಆಸುಪಾಸು ತೂಗುತ್ತದೆ. ಒಬ್ಬರೇ ಸಲೀಸಾಗಿ ತಲೆಯ ಮೇಲೆ ಹೊತ್ತು ನಡೆದರೆ ಅನುಮಾನ ಪಡಿ. ಅನುಮಾನ ಇನ್ನೂ ಉಳಿದರೆ ಅಂಗೈಯಗಲದ ತುಂಡನ್ನು ಹಳೆಯ ಪಾತ್ರೆಯಲ್ಲಿ ಹೊರಗಿನ ಒಲೆಯ ಮೇಲೆ ದಿನವಿಡೀ ಕುದಿಸಿ. 72 ಗಂಟೆ ಬೇಕಿಲ್ಲ, ಎಂಆರ್ ಅಂಟಿನ ನಕಲಿ ಹಲಗೆ ಸಂಜೆಯೊಳಗೆ ಬಾಯಿ ಬಿಡುತ್ತದೆ.

12 ಮಿ.ಮೀ. ಸಾಕೇ? ಕೆಳಗಿನ ತೊಲೆಗಳ ಅಂತರ ನೋಡಿ. ಸ್ಟ್ರಿಂಗರ್ ಎನ್ನುವ ಉದ್ದ ತೊಲೆಗಳು 16 ಇಂಚಿಗೆ ಒಂದರಂತಿದ್ದರೆ, ಎರಡೂ ಮೈಗೆ ಫೈಬರ್ ಹಾಕುವುದಾದರೆ ಸಾಕು. ಅಂತರ 24 ಇಂಚಿದ್ದರೆ 18 ಮಿ.ಮೀ. ಹಾಕಿ, ಇಲ್ಲವೇ ನಡುವೆ ಅಡ್ಡತೊಲೆ ಕೊಡಿ. ಗಾಳ ಹಾಕುವವರು ಕೂರುವುದಕ್ಕಿಂತ ಹೆಚ್ಚು ಹೊತ್ತು ಒಂದು ಬದಿಗೆ ನಿಂತೇ ಇರುತ್ತಾರೆ, ಮೀನು ಕಚ್ಚಿದಾಗ ಇಬ್ಬರೂ ಅದೇ ಬದಿಗೆ ಓಡುತ್ತಾರೆ. ಅಂಚಿನ ಬಳಿ ಹಲಗೆ ಬಾಗಿದರೆ ಬದಿಯ ಫೈಬರ್ ಬೆಸುಗೆ ಮೊದಲು ಬಿರಿಯುವುದು ಅಲ್ಲೇ.

ಬದಲಿ ವಸ್ತುಗಳ ಬಗ್ಗೆ ಚುಟುಕಾಗಿ. ಅಡುಗೆಮನೆ ಕಪಾಟಿಗೆ ಬಳಸುವ ಪಿವಿಸಿ ಬೋರ್ಡ್, ಡಬ್ಲ್ಯೂಪಿಸಿ (ಮರದ ಪುಡಿ ಬೆರೆತ ಪ್ಲಾಸ್ಟಿಕ್) ಬೋರ್ಡ್ ಕೊಳೆಯುವುದಿಲ್ಲ ಎಂಬುದು ಸರಿ, ಆದರೆ ಬಿಸಿಲಿಗೆ ಮೆತ್ತಗಾಗಿ ಜೋಲುತ್ತದೆ, ಸ್ಕ್ರೂ ಹಿಡಿತವೂ ಕಡಿಮೆ. ಡೆಕ್‌ಗೆ ಬೇಡ. ದೋಣಿಗೆಂದೇ ಬರುವ ಗಟ್ಟಿ ಫೋಮ್ ಹಲಗೆ ಅತ್ಯುತ್ತಮ, ಬೆಲೆಯೂ ಅಷ್ಟೇ ಎತ್ತರ, ಇಲ್ಲಿ ಸಿಗುವುದೂ ಇಲ್ಲ. ಸಾಗುವಾನಿ ಹಲಗೆ ಸೇರಿಸಿ ಮೇಲೆ ಫೈಬರ್ ಹಾಕುವ ಯೋಚನೆ ಬಿಡಿ: ಬಿಡಿ ಹಲಗೆಗಳು ತೇವಕ್ಕೆ ಹಿಗ್ಗಿ ಕುಗ್ಗಿ ಫೈಬರ್ ಚರ್ಮವನ್ನು ಸಂಧಿಯಲ್ಲೇ ಸೀಳುತ್ತವೆ, ಸಾಗುವಾನಿಯ ಎಣ್ಣೆಗೆ ರೆಸಿನ್ ಕೂಡ ಸರಿಯಾಗಿ ಕಚ್ಚುವುದಿಲ್ಲ.

ಹಳೆಯ ಡೆಕ್ ಕೀಳುವ ಮೊದಲು ಪೆಟ್ರೋಲ್ ಟ್ಯಾಂಕ್ ಎಲ್ಲಿದೆ ಎಂದು ಖಚಿತ ಮಾಡಿಕೊಳ್ಳಿ. ಹಲವು ದೋಣಿಗಳಲ್ಲಿ ಅದು ಡೆಕ್ ಕೆಳಗೇ ಇರುತ್ತದೆ. ಖಾಲಿ ಮಾಡಿ, ಬ್ಯಾಟರಿ ಬಿಚ್ಚಿ, ಒಂದು ದಿನ ಗಾಳಿಯಾಡಲು ಬಿಟ್ಟು ಆಮೇಲೆ ಕಟಿಂಗ್ ಮೆಷಿನ್ ಮುಟ್ಟಿ. ಎರಡನೆಯದು ದೋಣಿಯ ಆಕಾರ. ಡೆಕ್ ಕೂಡ ದೋಣಿಯ ಒಂದು ಎಲುಬು. ಅದನ್ನು ತೆಗೆದ ಮೇಲೆ ಬದಿಗಳು ಹೊರಕ್ಕೆ ಜಾರುತ್ತವೆ, ಟ್ರೈಲರಿನ ಎರಡೇ ರೋಲರ್ ಮೇಲೆ ಕೂತ ತಳ ಸೊಟ್ಟಗಾಗುತ್ತದೆ. ಆ ಸ್ಥಿತಿಯಲ್ಲಿ ಹೊಸ ಡೆಕ್ ಕೂರಿಸಿದರೆ ಸೊಟ್ಟ ಶಾಶ್ವತ. ಕೀಳುವ ಮೊದಲೇ ಮೂರು ಕಡೆ ಅಗಲ ಅಳೆದು ಬದಿಯ ಮೇಲೆಯೇ ಬರೆದಿಡಿ, ಅದೇ ಮೂರು ಕಡೆ ಅಡ್ಡಪಟ್ಟಿ ಬಿಗಿಯಿರಿ, ತಳಕ್ಕೆ ಉದ್ದಕ್ಕೂ ದಿಮ್ಮಿ ಕೊಡಿ. ಹಾಸನದ ಶೆಡ್ಡಿನವರು ಬಸ್ಸಿನ ಮುಖವಾಡ, ನೀರಿನ ತೊಟ್ಟಿ ಮಾಡಿ ಕೈ ಪಳಗಿದವರು. ಫೈಬರ್ ಹಾಕುವುದರಲ್ಲಿ ಅವರಿಗೆ ಹೇಳಿಕೊಡುವಂಥದ್ದು ಇಲ್ಲ. ಆದರೆ ದೋಣಿ ಸೊಟ್ಟಗಾಗುತ್ತದೆ ಎಂಬುದು ಅವರ ಅನುಭವಕ್ಕೆ ಬಂದದ್ದಲ್ಲ. ಈ ಒಂದು ವಿಷಯವನ್ನು ಮಾಲೀಕರೇ ಮುಂದೆ ನಿಂತು ಮಾಡಿಸಬೇಕು.

ಕೊಯ್ಯುವಾಗ ಬ್ಲೇಡಿನ ಆಳವನ್ನು ಡೆಕ್ ದಪ್ಪಕ್ಕೆ ಸರಿಯಾಗಿ ಕಟ್ಟಿ, ಸಾಮಾನ್ಯವಾಗಿ 15-16 ಮಿ.ಮೀ. ಸುತ್ತಲೂ ಬದಿಗೋಡೆಯಿಂದ 2-3 ಇಂಚು ಒಳಗೆ ಗೆರೆ ಹಾಕಿ ಕೊಯ್ಯಿರಿ. ಉಳಿದ ಅಂಚನ್ನು ಆಮೇಲೆ ಗ್ರೈಂಡರ್‌ನಲ್ಲಿ ನಿಧಾನವಾಗಿ ತೆಗೆಯಬಹುದು. ಮೊದಲೇ ಗೋಡೆಗೆ ಅಂಟಿ ಕೊಯ್ದರೆ ಬ್ಲೇಡ್ ದೋಣಿಯ ಮೈಗೇ ಇಳಿಯುತ್ತದೆ. ಸಾಧ್ಯವಾದಷ್ಟು ದೊಡ್ಡ ತುಂಡಾಗಿ ಎತ್ತಿ, ಬಿಸಾಡಬೇಡಿ. ಹೊಸ ಹಲಗೆಗೆ ಅದೇ ಅಚ್ಚು.

ತೆರೆದ ಮೇಲೆ ಕಾಣುವುದು ಹಳದಿ ಫೋಮ್. ಹಿಡಿಯಷ್ಟು ಕಿತ್ತು ಹಿಂಡಿ. ನೀರು ತೊಟ್ಟಿಕ್ಕಿದರೆ ಪೂರ್ತಿ ತೆಗೆಯಿರಿ, ಅದು ಬಿಸಿಲಿಗೆ ಒಣಗುವುದಿಲ್ಲ. ಹೊಸದಾಗಿ ಸುರಿಯುವ ಎರಡು ಭಾಗದ ಪಿಯು (ಪಾಲಿಯುರೆಥೇನ್) ಫೋಮ್ ಘನಮೀಟರಿಗೆ 32 ಕಿಲೋ ಸಾಂದ್ರತೆಯದು ಸಾಕು. ಒಂದೇ ಸಲ ತುಂಬಬೇಡಿ, ಉಬ್ಬುವ ಒತ್ತಡಕ್ಕೆ ಡೆಕ್ ಮೇಲೆದ್ದದ್ದು ಇದೆ. ತಳದಲ್ಲಿ ನೀರು ಹಿಂದಕ್ಕೆ ಹರಿಯುವ ಕಾಲುವೆಯನ್ನು ಫೋಮ್‌ನಿಂದ ಮುಚ್ಚಲೇಬಾರದು. ತೊಲೆಗಳನ್ನೂ ತಟ್ಟಿ ನೋಡಿ. ತೊಲೆಯ ಬುಡದಲ್ಲಿ ನೀರು ದಾಟಲು ಬಿಟ್ಟ ತೂತುಗಳ ಒಳಮೈ ಬರಿ ಮರವಾಗಿದ್ದರೆ ಕೊಳೆತ ಅಲ್ಲಿಂದಲೇ ಶುರುವಾಗಿರುತ್ತದೆ. ತೂತು ದೊಡ್ಡದು ಮಾಡಿ, 25 ಮಿ.ಮೀ. ಪಿವಿಸಿ ಪೈಪಿನ ತುಂಡು ತೂರಿಸಿ, ಪೈಪಿನ ಹೊರಮೈಯನ್ನು ಉಜ್ಜಿ ಒರಟು ಮಾಡಿ ಸುತ್ತ ರೆಸಿನ್ ಪುಟ್ಟಿ ತುಂಬಿದರೆ ಆ ತೊಂದರೆ ಮುಗಿಯಿತು.

ರೆಸಿನ್ ವಿಷಯದಲ್ಲಿ ಎರಡು ದಾರಿ. ಮರಕ್ಕೆ ಎಪಾಕ್ಸಿ ಹಿಡಿದಷ್ಟು ಪಾಲಿಯೆಸ್ಟರ್ ಹಿಡಿಯುವುದಿಲ್ಲ, ನೀರನ್ನೂ ಎಪಾಕ್ಸಿಯೇ ಚೆನ್ನಾಗಿ ತಡೆಯುತ್ತದೆ. ಬೆಲೆ ಮೂರ್ನಾಲ್ಕು ಪಟ್ಟು, ತರಿಸುವುದು ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ. ಈ ದೋಣಿಗೆ ಹಾಕಿದ್ದು ಐಸೋಫ್ತಾಲಿಕ್ ಪಾಲಿಯೆಸ್ಟರ್. ತೊಟ್ಟಿ ಕೆಲಸಕ್ಕೆ ಬಳಸುವ ಸಾಮಾನ್ಯ ಪಾಲಿಯೆಸ್ಟರ್‌ಗಿಂತ ಇದು ನೀರಿಗೆ ಗಟ್ಟಿ. ಎರಡನ್ನೂ ಬೆರೆಸುವವರಿಗೆ ಒಂದು ನಿಯಮ: ಗಟ್ಟಿಯಾದ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಹಿಡಿಯುತ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರನ್ನು ನಂಬಬೇಡಿ. ಎಪಾಕ್ಸಿ ಆರಿಸಿದರೆ ಚೂರು ನಾರಿನ ಮ್ಯಾಟ್ ತರಬೇಡಿ. ಆ ಮ್ಯಾಟಿನ ಅಂಟು ಕರಗುವುದು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್‌ಗೆ. ಎಪಾಕ್ಸಿಯಲ್ಲಿ ಅದು ರಟ್ಟಿನಂತೆ ನಿಂತುಬಿಡುತ್ತದೆ. ಎಪಾಕ್ಸಿಗೆ ನೇಯ್ದ ಅಥವಾ ಹೊಲಿದ ಬಟ್ಟೆಯೇ ಬೇಕು.

10 ಅಡಿ ಉದ್ದ, 5.5 ಅಡಿ ಅಗಲದ ಡೆಕ್ ಎಂದರೆ 55 ಚದರ ಅಡಿ, ಸುಮಾರು 5.1 ಚದರ ಮೀಟರ್. ಮೇಲ್ಮೈಗೆ (ತೂಕವೆಲ್ಲ ಚದರ ಮೀಟರಿಗೆ) 450 ಗ್ರಾಂ ಮ್ಯಾಟ್, ಅದರ ಮೇಲೆ 600 ಗ್ರಾಂ ನೇಯ್ಗೆ, ಮತ್ತೆ 450 ಗ್ರಾಂ ಮ್ಯಾಟ್. ಕೆಳಮೈಗೆ 300 ಗ್ರಾಂನ ಒಂದೇ ಪದರ. ಮ್ಯಾಟ್ ತನ್ನ ತೂಕದ ಎರಡೂಕಾಲು ಪಟ್ಟಿಗೂ ಮೇಲೆ ರೆಸಿನ್ ಕುಡಿಯುತ್ತದೆ, ನೇಯ್ಗೆ ಹೆಚ್ಚುಕಡಿಮೆ ತನ್ನಷ್ಟೇ. ಲೆಕ್ಕ ಹಾಕಿದರೆ ಮೇಲ್ಮೈಗೆ 14 ಕಿಲೋ, ಕೆಳಮೈಗೆ 3.5ರಿಂದ 4, ಹಲಗೆಗೆ ಮೊದಲ ಬಳಿತ 2, ಬದಿಯ ಬೆಸುಗೆಗೆ 3.5, ಪುಟ್ಟಿಗೆ 3. ಪೋಲಾಗುವುದು ಸೇರಿ 30 ಕಿಲೋ ತನ್ನಿ. ನಾರು ಎಲ್ಲ ಸೇರಿ 11 ಕಿಲೋ, ತುಂಡು ಹೋಗುವುದಕ್ಕೆ ಇನ್ನೊಂದೆರಡು. ಹಲಗೆಯೂ ಸೇರಿದರೆ ಹೊಸ ಡೆಕ್ ಸುಮಾರು 80 ಕಿಲೋ ಆಗುತ್ತದೆ, ಒಬ್ಬ ದಪ್ಪ ಮನುಷ್ಯನಷ್ಟು. ತೆಗೆದ ಒದ್ದೆ ಹಲಗೆ ಮತ್ತು ಫೋಮ್ ಇದಕ್ಕಿಂತ ಭಾರ ಇರುವುದೇ ಹೆಚ್ಚು.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ಓದದೆ ಮುಂದೆ ಹೋಗಬೇಡಿ. ನಮ್ಮ ಅಂಗಡಿಗಳಲ್ಲಿ ಪಾಲಿಯೆಸ್ಟರ್ ಜೊತೆ ಎರಡು ಬಾಟಲಿ ಕೊಡುತ್ತಾರೆ: ನೇರಳೆ ಬಣ್ಣದ ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕು ಮಾಡುವ ದ್ರವ), ನೀರಿನಂತೆ ತಿಳಿಯಾದ ಎಂಇಕೆಪಿ (ರೆಸಿನ್ ಗಟ್ಟಿ ಮಾಡುವ ದ್ರವ). ಇವೆರಡನ್ನು ಯಾವತ್ತೂ ನೇರವಾಗಿ ಒಂದಕ್ಕೊಂದು ಸುರಿಯಬಾರದು. ಕ್ಷಣದಲ್ಲಿ ಬೆಂಕಿ ಅಥವಾ ಸ್ಫೋಟ. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಪೂರ್ತಿ ಕಲಸಿ, ಆಮೇಲೆ ಬೇರೆ ಅಳತೆ ಲೋಟದಲ್ಲಿ ಎಂಇಕೆಪಿ. ಕ್ಯಾನಿನ ಮೇಲೆ ಪ್ರಿ-ಆಕ್ಸಿಲರೇಟೆಡ್ (ಕೋಬಾಲ್ಟ್ ಮೊದಲೇ ಬೆರೆಸಿದ್ದು) ಎಂದಿದ್ದರೆ ಕೋಬಾಲ್ಟ್ ಬೇಡವೇ ಬೇಡ. ಎಂಇಕೆಪಿ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿ ಹೋಗಬಹುದು, ಕನ್ನಡಕ ಕಡ್ಡಾಯ. ಎಂಇಕೆಪಿ ಪ್ರಮಾಣ ಕಿಲೋ ರೆಸಿನ್‌ಗೆ 15 ಗ್ರಾಂ. ಬಿಸಿ ಮಧ್ಯಾಹ್ನ 10ಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗೆ ಬೇಡ. ಕಡಿಮೆ ಹಾಕಿದ ರೆಸಿನ್ ಮೇಲೆ ಗಟ್ಟಿಯಾದಂತೆ ಕಂಡರೂ ಒಳಗೆ ಪೂರ್ತಿ ಮಾಗುವುದಿಲ್ಲ. ಒಂದು ಸಲಕ್ಕೆ ಕಿಲೋಗಿಂತ ಹೆಚ್ಚು ಕಲಸಬೇಡಿ. ಕೆಲಸಕ್ಕೆ ಒಳ್ಳೆಯ ಕಾಲ ಫೆಬ್ರವರಿ, ಮಾರ್ಚ್. ಜುಲೈ ತಿಂಗಳ ಹಾಸನದಲ್ಲಿ ಯಾರಾದರೂ ಡೆಕ್ ಹಾಕಿಕೊಡುತ್ತೇವೆ ಎಂದರೆ ಒಪ್ಪಬೇಡಿ: ಹಲಗೆಯೇ ಗಾಳಿಯ ತೇವ ಕುಡಿದಿರುತ್ತದೆ, ಅದರ ಮೇಲೆ ಫೈಬರ್ ಹಾಕುವುದು ಎಂದರೆ ತೇವವನ್ನು ಒಳಗಿಟ್ಟು ಬೀಗ ಹಾಕಿದಂತೆ.

ಹಲಗೆಯನ್ನು ಅಚ್ಚಿನ ಪ್ರಕಾರ ಕೊಯ್ದು, ಸುತ್ತಲೂ 5-6 ಮಿ.ಮೀ. ಸಂದು ಬರುವಂತೆ ಪುಟ್ಟಿ ಹಾಕದೆ ಒಮ್ಮೆ ಕೂರಿಸಿ ನೋಡಿ. ಎರಡು ಹಲಗೆಯ ಸಂಧಿ ತೊಲೆಯ ತಲೆಯ ಮೇಲೇ ಬರಬೇಕು. ಬರದಿದ್ದರೆ ಕೆಳಗೆ 5 ಇಂಚು ಅಗಲದ ಪ್ಲೈ ಪಟ್ಟಿ ಅಂಟಿಸಿ. ಎಲ್ಲ ಹೊಂದಿದ ಮೇಲೆ ಹೊರಗೆ ತೆಗೆದು ಮೇಜಿನ ಮೇಲೆ ಕೆಳಮೈ ಮೇಲೆ ಮಾಡಿ ಇಡಿ.

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಬಳಿಯುವ ವೇಳೆ ಬಹಳ ಮುಖ್ಯ. ಬೆಳಿಗ್ಗೆ ಬಳಿದರೆ ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಹೊರಬರುತ್ತದೆ, ಹಸಿ ರೆಸಿನ್ ಮೇಲೆ ಸೂಜಿಮೊನೆಯಷ್ಟು ಗುಳ್ಳೆಗಳು ಸಾಲಾಗಿ ಏಳುತ್ತವೆ, ಪ್ರತಿ ಗುಳ್ಳೆಯೂ ಒಂದು ತೂತಾಗಿ ಉಳಿಯುತ್ತದೆ. ಮಧ್ಯಾಹ್ನದವರೆಗೆ ಹಲಗೆಯನ್ನು ಬಿಸಿಲಿಗಿಟ್ಟು, ಮೂರು ನಾಲ್ಕು ಗಂಟೆಗೆ ನೆರಳಿಗೆ ತಂದು ಬಳಿಯಿರಿ. ಮರ ತಣ್ಣಗಾಗುತ್ತಾ ಉಸಿರನ್ನು ಒಳಗೆಳೆದುಕೊಳ್ಳುತ್ತದೆ, ಜೊತೆಗೆ ರೆಸಿನ್ ಕೂಡ ಒಳಹೋಗುತ್ತದೆ. ಅಂಚುಗಳಿಗೆ ಮೂರು ಬಾರಿ. ಮೊದಲ ಬಾರಿಯದು ಹತ್ತು ನಿಮಿಷಕ್ಕೆ ಮಾಯವಾಗಿ ಮರ ಮತ್ತೆ ಒಣಗಿದಂತೆ ಕಾಣುತ್ತದೆ, ಎರಡನೆಯದು ಅಲ್ಲಲ್ಲಿ ಹೊಳೆಯುತ್ತದೆ, ಮೂರನೆಯದು ಮೇಲೇ ನಿಲ್ಲುತ್ತದೆ. ನಿಂತರೆ ಮಾತ್ರ ಅಂಚು ಮುಚ್ಚಿತು ಎಂದರ್ಥ. ತೆಳುವಾಗಲಿ ಎಂದು ಅಸಿಟೋನ್ ಬೆರೆಸುವ ಅಭ್ಯಾಸ ಕೆಲವರಿಗಿದೆ, ಅದರಿಂದ ರೆಸಿನ್ ದುರ್ಬಲವಾಗುತ್ತದೆ. ಆಮೇಲೆ 300 ಗ್ರಾಂ ಮ್ಯಾಟ್ ಹಾಕಿ ರೋಲರ್ ಒತ್ತಿ, ಮರುದಿನದವರೆಗೆ ಬಿಡಿ.

ಕೂರಿಸುವ ಮೊದಲು ತೊಲೆಗಳ ತಲೆಯನ್ನೂ ಬದಿಗೋಡೆಯಲ್ಲಿ 4 ಇಂಚು ಎತ್ತರದವರೆಗಿನ ಹಳೆಯ ಬಣ್ಣವನ್ನೂ 36 ನಂಬರಿನ ಡಿಸ್ಕ್‌ನಲ್ಲಿ ಉಜ್ಜಿ. ಹೊಳಪು ಹೋಗಿ ಹಾಲುಬಿಳಿ ಬರಬೇಕು. ಹಳೆಯ ಪಾಲಿಯೆಸ್ಟರ್‌ಗೆ ಹೊಸದು ರಾಸಾಯನಿಕವಾಗಿ ಬೆಸೆಯುವುದಿಲ್ಲ, ಒರಟಿಗೆ ಕಚ್ಚಿ ಹಿಡಿಯುತ್ತದೆ, ಅಷ್ಟೇ. ಡೆಕ್ ಬದಿಯಲ್ಲಿ ಬಿಟ್ಟುಕೊಂಡು ಬಂದ ದೋಣಿಗಳಲ್ಲಿ ಹತ್ತಕ್ಕೆ ಎಂಟು ಈ ಉಜ್ಜುವ ಕೆಲಸದಲ್ಲಿ ಸೋಮಾರಿತನ ಮಾಡಿದವೇ ಎನ್ನುವುದು ನಮ್ಮ ಅಂದಾಜು. ತೊಲೆಗಳ ಮೇಲೆ ರೆಸಿನ್, ಏರೋಸಿಲ್ (ರೆಸಿನ್ ಮಂದ ಮಾಡುವ ಸಿಲಿಕಾ ಪುಡಿ), ಚೂರು ನಾರು ಕಲಸಿದ ಪುಟ್ಟಿಯನ್ನು ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ, ಬೆರಳು ದಪ್ಪ ಹಾಸಿ ಹಲಗೆ ಇಳಿಸಿ. ಸ್ಕ್ರೂ ಬೇಡ. ಅರ್ಧ ತುಂಬಿದ ಮರಳಿನ ಚೀಲ ಹತ್ತು ಹನ್ನೆರಡು ಹೇರಿದರೆ ಹಲಗೆ ತೊಲೆಗೆ ಸಮನಾಗಿ ಕೂರುತ್ತದೆ. ಸ್ಕ್ರೂ ಇಲ್ಲದ ಡೆಕ್ ನಿಲ್ಲುತ್ತದೆಯೇ ಎಂದು ಬಡಗಿಗಳು ಕೇಳುತ್ತಾರೆ. ನಿಲ್ಲಿಸುವುದು ಪುಟ್ಟಿ ಮತ್ತು ಫೈಬರ್, ಸ್ಕ್ರೂ ಎಂದರೆ ಪುಟ್ಟಿ ಗಟ್ಟಿಯಾಗುವವರೆಗಿನ ಕೈಹಿಡಿ ಮಾತ್ರ. ಹಾಕಲೇಬೇಕಾದರೆ ಪುಟ್ಟಿ ಗಟ್ಟಿಯಾದ ಮೇಲೆ ಬಿಚ್ಚಿ ತೂತು ತುಂಬಿ.

ಬದಿಯ ಸಂದಿಗೆ ಪುಟ್ಟಿ ತುಂಬಿ, ಒಳಮೂಲೆಯನ್ನು ಚಮಚದ ಬೆನ್ನಿನಿಂದ ಇಂಚು ತ್ರಿಜ್ಯದ ಬಳುಕು ಬರುವಂತೆ ಎಳೆಯಿರಿ. ಚೂಪು ಮೂಲೆಗೆ ಫೈಬರ್ ಬಗ್ಗುವುದಿಲ್ಲ, ಕೆಳಗೆ ಗಾಳಿ ಉಳಿಯುತ್ತದೆ. ಅದರ ಮೇಲೆ 15 ಸೆಂ.ಮೀ. ಪಟ್ಟಿ, ಅದನ್ನೂ ಮುಚ್ಚುವಂತೆ 20 ಸೆಂ.ಮೀ. ಪಟ್ಟಿ. ಕೊನೆಗೆ ಇಡೀ ಮೇಲ್ಮೈಗೆ ಮೂರು ಪದರ, ಒಂದೇ ದಿನದಲ್ಲಿ, ಹಿಂದಿನದು ಇನ್ನೂ ಬೆರಳಿಗೆ ಅಂಟುತ್ತಿರುವಾಗಲೇ. ಜಾರದಿರಲು ಎರಡು ಭಾಗದ ಪಿಯು ಬಣ್ಣ ಬಳಿದು, ಹಸಿಯಲ್ಲೇ ಜರಡಿ ಹಿಡಿದ ಒಣ ಮರಳು ಉದುರಿಸಿ, ಒಣಗಿದ ಮೇಲೆ ಗುಡಿಸಿ ಇನ್ನೊಂದು ಕೈ ಬಣ್ಣ. ನೀರು ಹಿಂದಕ್ಕೆ ಹರಿಯುತ್ತದೆಯೇ ಎಂದು ಒಂದು ಬಕೆಟ್ ಸುರಿದು ನೋಡುವುದನ್ನು ಬಣ್ಣಕ್ಕೆ ಮೊದಲೇ ಮಾಡಿ.

ಈಗ ಕುರ್ಚಿ, ರಾಡ್ ಹೋಲ್ಡರ್, ಹ್ಯಾಚ್. ಇಲ್ಲಿಯವರೆಗಿನ ದುಡಿಮೆಯನ್ನೆಲ್ಲ ಹಾಳು ಮಾಡುವುದೂ ಉಳಿಸುವುದೂ ಈ ತೂತುಗಳೇ. 6 ಮಿ.ಮೀ. ಬೋಲ್ಟಿಗೆ ಮೊದಲು 12 ಮಿ.ಮೀ. ತೂತು. ಕೆಳಗಿನಿಂದ ಟೇಪ್ ಹಚ್ಚಿ, ಒಳಗಿನ ಮರಕ್ಕೆ ತೆಳು ಎಪಾಕ್ಸಿ ಬಳಿದು, ಹಿಂದೆಯೇ ಏರೋಸಿಲ್ ಕಲಸಿದ ಎಪಾಕ್ಸಿ ತುಂಬಿ. ಗಟ್ಟಿಯಾದ ಮೇಲೆ ಅದರ ನಡುವೆ 6 ಮಿ.ಮೀ. ತೂತು. ಈಗ ಬೋಲ್ಟಿನ ಸುತ್ತ 3 ಮಿ.ಮೀ. ಎಪಾಕ್ಸಿ ಗೋಡೆ ಇದೆ. ಸೀಲ್ ಸೋತು ನೀರು ಇಳಿದರೂ ಅದು ಕೆಳಗೆ ಹೋಗುತ್ತದೆಯೇ ಹೊರತು ಮರಕ್ಕೆ ತಾಗುವುದಿಲ್ಲ. ಕೆಳಗೆ ಅಗಲದ ವಾಷರ್ ಅಥವಾ ತಗಡು ಕೊಡಿ. ಸಿಹಿನೀರಿಗೆ 304 ಸ್ಟೇನ್‌ಲೆಸ್ ಸಾಕು. ಸೀಲಿಗೆ ಪಾಲಿಯುರೆಥೇನ್, ಸಿಲಿಕೋನ್ ಬೇಡ: ಸಿಲಿಕೋನ್ ತಾಗಿದ ಜಾಗಕ್ಕೆ ಮುಂದೆ ಬಣ್ಣವಾಗಲಿ ರೆಸಿನ್ ಆಗಲಿ ಹಿಡಿಯುವುದಿಲ್ಲ. ಅಲ್ಯುಮಿನಿಯಂ ಟ್ಯಾಂಕ್ ಇದ್ದವರು ಅದನ್ನು ಪ್ಲೈ ಮೇಲೆ ನೇರ ಇಡಬೇಡಿ. ಮರದ ಔಷಧಿಯಲ್ಲಿ ತಾಮ್ರ ಇದ್ದರೆ ಟ್ಯಾಂಕಿಗೆ ಚುಕ್ಕೆ ಚುಕ್ಕೆ ತೂತು ಬೀಳುತ್ತದೆ. ನಡುವೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ.

ಎರಡು ಮಳೆಗಾಲದ ನಂತರದ ಸ್ಥಿತಿ: ಇಡೀ ಡೆಕ್ ತಟ್ಟಿದರೆ ಒಂದೇ ಸದ್ದು. ಬದಿಯ ಬೆಸುಗೆಯಲ್ಲಿ ಕೂದಲೆಳೆಯ ಬಿರುಕೂ ಇಲ್ಲ. ಕುರ್ಚಿ ಬೋಲ್ಟ್ ಬಿಚ್ಚಿ ನೋಡಿದರೆ ಎಪಾಕ್ಸಿ ಗೋಡೆ ಸ್ವಚ್ಛ. ಕೊಳೆತ ಸಿಕ್ಕಿದ್ದು ಒಂದೇ ಕಡೆ, ಹಿಂದಿನ ಹ್ಯಾಚ್‌ನ ಎಡ ಕೀಲಿನಲ್ಲಿ. ಅಲ್ಲಿ ನಾಲ್ಕು ಸ್ಕ್ರೂ. ಮೂರನ್ನು ಎಪಾಕ್ಸಿ ತುಂಬಿದ ತೂತಿಗೆ ಹಾಕಿದ್ದರು, ನಾಲ್ಕನೆಯದು ಜಾಗ ತಪ್ಪಿದ್ದರಿಂದ ಪಕ್ಕದಲ್ಲಿ ನೇರ ಮರಕ್ಕೆ ಹೊಡೆದು ಮೇಲೆ ಸೀಲ್ ಹಚ್ಚಿದ್ದರು. ಆ ಸ್ಕ್ರೂ ಬೆರಳಲ್ಲೇ ತಿರುಗಿ ಬಂತು, ಎಳೆಗಳಿಗೆ ಕಪ್ಪು ಚರಟ ಮೆತ್ತಿಕೊಂಡಿತ್ತು. ಅದೇ ಹಲಗೆ, ಅದೇ ಮುದ್ರೆ, ಒಂದು ಇಂಚು ಆಚೆ ಮರ ಒಣಗಿ ಗಟ್ಟಿಯಾಗಿದೆ. ಸದ್ಯಕ್ಕೆ 25 ಮಿ.ಮೀ. ಹೋಲ್‌ಸಾದಿಂದ ಕೊಳೆತದ್ದನ್ನು ಕೊರೆದು ತೆಗೆದು, ಬಲ್ಬ್ ಕೆಳಗೆ ಮೂರು ದಿನ ಒಣಗಿಸಿ, ತುಂಬಿಯಾಗಿದೆ. ಮುಂದಿನ ಜೂನ್‌ಗೆ ಮೊದಲು ಮುಂಭಾಗದ ಹ್ಯಾಚ್‌ನ ಎಂಟು ಸ್ಕ್ರೂಗಳನ್ನೂ ಒಂದೊಂದಾಗಿ ಬಿಚ್ಚಿ ನೋಡಬೇಕು.